ಇರ್ಮಮ್ಮನ ಜೊತೆ ಎದೆಬಡಿತ ಓದಿದ ವರ್ಷಗಳು

ಹೋದ ತಿಂಗಳು ರಾಮನಗರದ ಒಂದು ಪ್ಯಾರಾಮೆಡಿಕಲ್ ಕಾಲೇಜಿನವರು ನನ್ನನ್ನು ಕರೆಸಿದ್ದರು. ಈಸಿಜಿ ಕಲಿಯುತ್ತಿರುವ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕಂತೆ. ಮೈಕಿನ ಮುಂದೆ ನಿಂತರೆ ನನಗೆ ನಾಲಗೆ ಒಣಗುತ್ತದೆ. ಏನೋ ಎರಡು ಮಾತು ಹೇಳಿ ಕೂತುಬಿಟ್ಟೆ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ದಿನಾ ಅದೇ ಗೆರೆ ನೋಡಿ ನೋಡಿ ನಿಮಗೆ ಬೇಜಾರಾಗ್ಲಿಲ್ವಾ?" ಎಂದು ಕೇಳಿದಳು. ಪ್ರಶ್ನೆ ಚೆನ್ನಾಗಿತ್ತು. ಅಲ್ಲಿ ಉತ್ತರ ಬಾಯಿಗೆ ಬರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನಾನು ಗೌರಮ್ಮ, ಮರಳವಾಡಿ ಕಡೆಯವಳು. ಹಾರೋಹಳ್ಳಿಗೂ ಕನಕಪುರಕ್ಕೂ ನಡುವೆ ರಸ್ತೆ ಪಕ್ಕದಲ್ಲಿದ್ದ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯಲ್ಲಿ ನಿವೃತ್ತಿಯವರೆಗೂ ಈಸಿಜಿ ಟೆಕ್ನಿಷಿಯನ್ ಆಗಿದ್ದೆ. ನಾನು ಸೇರಿದಾಗ ಅಲ್ಲಿಗೆ ಬರುತ್ತಿದ್ದುದು ಹೆರಿಗೆ, ಹಾವು ಕಡಿತ, ಮರದಿಂದ ಬಿದ್ದ ಕೇಸುಗಳು. ಎರಡು ಸಾವಿರದ ಇಸವಿ ದಾಟಿದ ಮೇಲೆ ಹಾರೋಹಳ್ಳಿಯಲ್ಲಿ ಒಂದರ ಪಕ್ಕ ಒಂದು ಫ್ಯಾಕ್ಟರಿ ಎದ್ದವು. ರಾಗಿ ಹೊಲಗಳಿಗೆ ಕಾಂಪೌಂಡು ಬಂತು. ಬೆಳಗಿನ ಬಸ್ಸುಗಳಲ್ಲಿ ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಹುಡುಗಿಯರು ತುಂಬಿದರು. ಕೆಲಸಕ್ಕೆ ಸೇರುವ ಮೊದಲು ಎಲ್ಲರಿಗೂ ಫಿಟ್ನೆಸ್ ಸರ್ಟಿಫಿಕೇಟ್ ಬೇಕು. ಹಾಗಾಗಿ ನನ್ನ ಮಿಷನ್ನಿಗೆ ಬಿಡುವೇ ಇಲ್ಲದಂತಾಯಿತು.

ವೈರು ಜೋಡಿಸುವುದನ್ನು ನಿಮಗೆ ಕಾಲೇಜಿನಲ್ಲಿ ಕಲಿಸುತ್ತಾರೆ. ಹೆದರಿದ ಹೆಂಗಸನ್ನು ಮಲಗಿಸುವುದನ್ನು ಕಲಿಸುವುದಿಲ್ಲ. ನಾನು ಕೆಲಸ ಶುರುಮಾಡಿದ ಹೊಸತರಲ್ಲಿ ಒಬ್ಬ ಅಜ್ಜಿ ಸೆರಗನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಂಡು, "ನನ್ ಗಂಡ್ನೇ ಬೆಳಕಲ್ಲಿ ನೋಡಿಲ್ಲ ಕಣವ್ವಾ, ನಿಂಗ್ಯಾಕೆ ತೋರ್ಸಲಿ?" ಎಂದು ಕೇಳಿದಳು. ಹೆಣ್ಣಾದ ನನಗೇ ಹೀಗೆ. ಹಳೆಯ ದುಪ್ಪಟಿಯೊಂದನ್ನು ಅವಳ ಮೇಲೆ ಹೊದಿಸಿ, ಅದರೊಳಗೆ ಕೈ ತೂರಿಸಿ, ಬೆರಳಲ್ಲೇ ಪಕ್ಕೆಲುಬು ಎಣಿಸಿ ವೈರಿನ ತುದಿಯ ರಬ್ಬರ್ ಬಲ್ಬುಗಳನ್ನು ಅಂಟಿಸಿದೆ. ಅವಳು ಅಷ್ಟರಲ್ಲಿ ತನ್ನ ಸೊಸೆಯ ಮೇಲಿನ ದೂರನ್ನೆಲ್ಲ ಹೇಳಿ ಮುಗಿಸಿದ್ದಳು. ಆಮೇಲಿಂದ ಆ ದುಪ್ಪಟಿ ನನ್ನ ರೂಮಿನಲ್ಲೇ ಉಳಿಯಿತು.

ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರು ಚನ್ನೇಗೌಡರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಗೆರೆ ನಡುಗಿರುವ ಈಸಿಜಿ ಕೊಟ್ಟರೆ, "ಇದೇನ್ ಗೌರಮ್ಮ, ರೋಗಿ ಎದೆನೋ ಎತ್ತಿನ ಗಾಡಿನೋ?" ಎಂದು ಎಲ್ಲರ ಮುಂದೆ ಬಯ್ಯುತ್ತಿದ್ದರು. ಸಂಜೆ ಅವರೇ ಕ್ಯಾಂಟೀನಿನಿಂದ ಬೋಂಡ ತರಿಸಿ ನನ್ನ ರೂಮಿಗೆ ಕಳಿಸುತ್ತಿದ್ದರು. ಅವರು ಚಿಕ್ಕ ವಯಸ್ಸಿನಲ್ಲಿ ಜರ್ಮನಿಗೆ ಹೋಗಿ ಓದಿದ್ದವರು. ಅಲ್ಲಿ ಅವರಿಗೆ ಪಾಠ ಹೇಳಿದ ಗುರುವನ್ನು ಒಂದು ಚಳಿಗಾಲಕ್ಕೆಂದು ನಮ್ಮಲ್ಲಿಗೆ ಕರೆಸಿಕೊಂಡರು. ಅವರೇ ಡಾಕ್ಟರ್ ಇರ್ಮಾ ಹೋಲ್ಟ್‌ಮನ್.

ಆಂಬುಲೆನ್ಸ್ ಡ್ರೈವರನಿಂದ ಹಿಡಿದು ಹೂ ಮಾರುವವಳವರೆಗೆ ಎಲ್ಲರಿಗೂ ಅವರು ಒಂದೇ ವಾರದಲ್ಲಿ ಇರ್ಮಮ್ಮ ಆದರು. ಎತ್ತರದ ಹೆಂಗಸು. ಬೆಳ್ಳಗಿನ ಗಿಡ್ಡ ಕೂದಲು, ಗಂಡಸರ ಹಾಗೆ ಷರಟು ಪ್ಯಾಂಟು. ನಿವೃತ್ತಿಯಾದ ಮೇಲೆ ಬಂದವರು. ಒಂದು ಚಳಿಗಾಲಕ್ಕೆ ಬಂದವರು ಹಲವು ವರ್ಷ ಉಳಿದರು.

ಒಂದು ವಿಷಯ ನನಗೆ ಮೊದಲು ಅರ್ಥವಾಗಿರಲಿಲ್ಲ. ಇರ್ಮಮ್ಮ ಹೃದಯದ ವಿಷಯದಲ್ಲಿ ಇಷ್ಟು ದೊಡ್ಡ ಹೆಸರು, ಆದರೆ ರೋಗಿಗಳನ್ನು ನೋಡಿಯೇ ಇರಲಿಲ್ಲ. ಅವರು ಔಷಧಿ ಬರೆಯುವ ಡಾಕ್ಟರಲ್ಲ. ಹೃದಯ ಹೇಗೆ ಕೆಲಸ ಮಾಡುತ್ತದೆ ಎಂದು ಪ್ರಯೋಗಾಲಯದಲ್ಲಿ ಕೂತು ಹುಡುಕಿದವರು. ಹಾಗಾಗಿ ಮೊದಮೊದಲು ರೋಗಿಯ ಮೈ ಮುಟ್ಟಲು ನನಗಿಂತ ಅವರೇ ಹೆದರುತ್ತಿದ್ದರು. ಕನ್ನಡ ಕಲಿತರೆ ಧೈರ್ಯ ಬರುತ್ತದೆಂದು ನಿಘಂಟು ತರಿಸಿಕೊಂಡರು. ಅದರಿಂದ ಆದ ಒಂದು ಅನಾಹುತ ಹೇಳುತ್ತೇನೆ. ಈಸಿಜಿ ಮೇಜಿನ ಮೇಲೆ ಒಬ್ಬ ಮುದುಕರು ಮಲಗಿದ್ದರು, ಉಸಿರು ಬಿಗಿಹಿಡಿದು. ಅವರಿಗೆ ಉಸಿರು ಬಿಡಿ ಎಂದು ಹೇಳಬೇಕು. ಇರ್ಮಮ್ಮನಿಗೆ ಉಸಿರು ಎಂಬ ಮಾತು ನೆನಪಾಗಲಿಲ್ಲ, ನಿಘಂಟಿನಲ್ಲಿ ಅದರ ಪಕ್ಕ ಕಂಡ ಇನ್ನೊಂದು ಮಾತು ನೆನಪಾಯಿತು. ಬಹಳ ಪ್ರೀತಿಯಿಂದ ಅವರ ಭುಜ ಸವರಿ, "ಯಜಮಾನರೇ, ನಿಧಾನವಾಗಿ ಪ್ರಾಣ ಬಿಡಿ" ಎಂದರು.

ಮುದುಕರು ಕಣ್ಣು ಬಿಟ್ಟು ಅವರನ್ನೇ ನೋಡಿದರು. "ಬುಡ್ತೀನಿ ಕಣವ್ವಾ, ಒಸಿ ತಡಿ. ರಾಗಿ ಕುಯ್ಲು ಆಗೋಗ್ಲಿ" ಎಂದರು.

ನಾನು ಮಿಷನ್ ಆಫ್ ಮಾಡಿ ಹೊರಗೆ ಹೋಗಿ ನಕ್ಕು ಬಂದೆ. ಅರ್ಥ ಹೇಳಿದಾಗ ಇರ್ಮಮ್ಮನ ಮುಖ ಕಿವಿಯವರೆಗೂ ಕೆಂಪಾಯಿತು. ಆ ಮುದುಕರು ರಾಗಿ ಕುಯ್ಲು ಮುಗಿದ ಮೇಲೆ ಒಂದು ಸೇರು ಹೊಸ ರಾಗಿ ಹಿಟ್ಟು ತಂದುಕೊಟ್ಟು, ಇನ್ನೂ ಪ್ರಾಣ ಬಿಡಲು ಪುರುಸೊತ್ತಾಗಿಲ್ಲ ಎಂದು ಹೇಳಿ ಹೋದರು.

ಆಗೆಲ್ಲ ದಿನವೂ ಕರೆಂಟು ಹೋಗುತ್ತಿತ್ತು. ಹಳೆಯ ಮಿಷನ್ನಿಗೆ ಬ್ಯಾಟರಿ ನಿಲ್ಲುತ್ತಿರಲಿಲ್ಲ. ಆ ಹೊತ್ತಿನಲ್ಲಿ ನಾವಿಬ್ಬರೂ ಕಿಟಕಿ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದೆವು. ನನ್ನ ಹರುಕು ಇಂಗ್ಲಿಷು, ಅವರ ಹರುಕು ಕನ್ನಡ. ಅವರ ಬದುಕನ್ನೆಲ್ಲ ನಾನು ಹೀಗೆ ತುಂಡು ತುಂಡಾಗಿ ಕೇಳಿದ್ದು.

ಅವರ ಅಪ್ಪ ಯುದ್ಧಕ್ಕೆ ಹೋದವರು ವಾಪಸು ಬರಲಿಲ್ಲ. ತಾಯಿ ಬೇರೆಯವರ ಮನೆ ಬಟ್ಟೆ ಒಗೆದು ಇಸ್ತ್ರಿ ಮಾಡಿ ಮಗಳನ್ನು ಓದಿಸಿದಳು. ಶಾಲೆಯಲ್ಲಿ ಒಂದು ದಿನ ಮೇಷ್ಟ್ರು ಕಪ್ಪೆಯ ಹೃದಯವನ್ನು ಹೊರಗೆ ತೆಗೆದು ಉಪ್ಪುನೀರಿನ ಬಟ್ಟಲಲ್ಲಿ ಇಟ್ಟು ತೋರಿಸಿದರಂತೆ. ಮೈಯಿಂದ ಬೇರೆಯಾದ ಮೇಲೂ ಅದು ಬಡಿಯುತ್ತಲೇ ಇತ್ತು. ಮಿಕ್ಕ ಮಕ್ಕಳು ಮುಖ ಮುಚ್ಚಿಕೊಂಡರು. ಇವರು ಬಟ್ಟಲಿನ ಮೇಲೆ ಬಗ್ಗಿ, ಇದಕ್ಕೆ ಬಡಿ ಅಂತ ಯಾರು ಹೇಳುತ್ತಿದ್ದಾರೆ ಎಂದು ಕೇಳಿದರು. ಯಾರೂ ಹೇಳುತ್ತಿಲ್ಲ, ಅದೇ ಬಡಿಯುತ್ತಿದೆ ಎಂದರು ಮೇಷ್ಟ್ರು. ಆ ಉತ್ತರ ಸಾಲದೆ ಜೀವನವೆಲ್ಲ ಅದನ್ನೇ ಹುಡುಕಿದೆ ಎಂದು ಇರ್ಮಮ್ಮ ಹೇಳುತ್ತಿದ್ದರು.

ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಪ್ರೊಫೆಸರರು ಇವರಿಗೆ ಗಾಜಿನ ಸಾಮಾನು ತೊಳೆಯಲು ಹೇಳಿದರು. ಆಮೇಲೆ ಹೃದಯಕ್ಕೆ ಉಣಿಸುವ ಉಪ್ಪುನೀರು ಕಲಸುವ ಕೆಲಸ ಕೊಟ್ಟರು. ಅದರಲ್ಲಿ ಒಂದು ಲವಣ ಕಡಿಮೆಯಾದರೂ ಹೃದಯ ನಿಂತುಹೋಗುತ್ತದೆ. ಇವರು ಕಲಸಿದ ನೀರಿನಲ್ಲಿ ಹೃದಯಗಳು ಬಹಳ ಹೊತ್ತು ಬಡಿಯುತ್ತಿದ್ದವು. ಕೊನೆಗೆ ಪ್ರೊಫೆಸರರು ಒಂದು ಮೂಲೆಯ ಮೇಜನ್ನು ಇವರಿಗೆ ಬಿಟ್ಟುಕೊಟ್ಟರು. ಅದೇ ಮೇಜಿನಲ್ಲಿ ಶುರುವಾದ ಕೆಲಸ ದೊಡ್ಡ ಪ್ರಯೋಗಾಲಯವಾಗಿ ಬೆಳೆಯಿತು. ಮದುವೆ ಮಾಡಿಕೊಳ್ಳಲಿಲ್ಲ. ತಾಯಿ ಇರುವವರೆಗೆ ತಾಯಿಯ ಜೊತೆಗಿದ್ದರು.

ಅವರ ವಿಷಯ ಬಹಳ ಸಣ್ಣದು, ಆದರೆ ನೀವು ಗಮನವಿಟ್ಟು ಕೇಳಬೇಕಾದ್ದು. ಪ್ರತಿ ಸಲ ಬಡಿದ ಮೇಲೆ ಹೃದಯ ಒಂದು ಗಳಿಗೆ ಸುಧಾರಿಸಿಕೊಳ್ಳುತ್ತದೆ. ಈಸಿಜಿಯಲ್ಲಿ ಚೂಪು ಗೆರೆಯ ಹಿಂದೆ ಒಂದು ಮೆತ್ತನೆಯ ದಿಬ್ಬ ಬರುತ್ತದಲ್ಲ, ನಾವು ಟಿ ಎನ್ನುತ್ತೇವಲ್ಲ, ಅದೇ ಆ ಸುಧಾರಿಕೆ. ಇರ್ಮಮ್ಮ ತಮ್ಮ ಬದುಕನ್ನೆಲ್ಲ ಆ ದಿಬ್ಬದ ಮೇಲೆ ಕಳೆದವರು. ಅದಕ್ಕಾಗಿ ಗಿನಿಪಿಗ್ ಎಂಬ ಸಣ್ಣ ಪ್ರಾಣಿಗಳನ್ನು ಕೊಲ್ಲಬೇಕಿತ್ತು. ಪ್ರತಿ ಸಲವೂ ಅದರ ತಲೆ ಸವರಿ ಧನ್ಯವಾದ ಹೇಳುತ್ತಿದ್ದರಂತೆ. "ಅದಕ್ಕೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ ಗೌರಾ" ಎಂದು ಒಮ್ಮೆ ಹೇಳಿದರು.

ಈಗ ಮಂಜುಳಳ ವಿಷಯಕ್ಕೆ ಬರುತ್ತೇನೆ.

ಹಾರೋಹಳ್ಳಿಯ ಒಂದು ಬಿಡಿಭಾಗದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಅಪ್ಪ ಇರಲಿಲ್ಲ. ತಾಯಿ ಕೆಂಪಮ್ಮ ಕೋಡಿಹಳ್ಳಿ ಕಡೆಯಿಂದ ಬಂದು ಹಾರೋಹಳ್ಳಿಯಲ್ಲಿ ಬಾಡಿಗೆ ರೂಮು ಮಾಡಿ ಮಗಳ ಜೊತೆ ಇದ್ದಳು. ಹುಡುಗಿ ಕೆಲಸದ ಜಾಗದಲ್ಲಿ ಮೂರನೆಯ ಸಲ ಬಿದ್ದಿದ್ದಳು. ಕಂಪನಿ ಕಡೆಯ ಡಾಕ್ಟರು ಫಿಟ್ಸ್ ಎಂದು ಬರೆದು ಮಾತ್ರೆ ಕೊಟ್ಟಿದ್ದರು. ಮಾತ್ರೆ ನುಂಗಿದರೂ ಮತ್ತೆ ಬಿದ್ದಳು. ಇನ್ನು ಕೆಲಸಕ್ಕೆ ಬರಬೇಡ, ಯಾವುದಾದರೂ ಆಸ್ಪತ್ರೆಯಿಂದ ಬರೆಸಿಕೊಂಡು ಬಾ ಎಂದು ಕಳಿಸಿದ್ದರು. ಕೆಂಪಮ್ಮ ಸೆರಗಿನ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಮಗಳಿಗೆ ತನ್ನ ಅಣ್ಣನ ಮಗ ಮಹದೇವನ ಜೊತೆ ಮದುವೆ ಮಾತಾಗಿತ್ತಂತೆ. ಫಿಟ್ಸ್ ಇರುವ ಹುಡುಗಿ ಎಂದು ಊರೆಲ್ಲ ಗೊತ್ತಾದರೆ ಅಣ್ಣ ಏನು ಹೇಳುತ್ತಾನೋ ಎಂಬ ಭಯ.

ಆ ವರ್ಷ ನಮಗೆ ಹೊಸ ಮಿಷನ್ ಬಂದಿತ್ತು. ಅದು ಗೆರೆಯ ಮೇಲೆ ತಾನೇ ಅಭಿಪ್ರಾಯ ಮುದ್ರಿಸುತ್ತಿತ್ತು. ಮಂಜುಳಳ ಈಸಿಜಿಯ ನೆತ್ತಿಯ ಮೇಲೆ ನಾರ್ಮಲ್ ಎಂದು ಬಂತು. ಹೊರಗೆ ರೋಗಿಗಳ ಸಾಲು ಇತ್ತು. ಚನ್ನೇಗೌಡರು ಕಣ್ಣಾಡಿಸಿ ನರದ ಡಾಕ್ಟರಿಗೆ ತೋರಿಸಲು ಬರೆಯುತ್ತಿದ್ದರು. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಇರ್ಮಮ್ಮ ಆ ಕಾಗದವನ್ನು ಸುಮ್ಮನೆ ಎತ್ತಿಕೊಂಡರು. ಲೋಟ ಕೆಳಗಿಟ್ಟರು. ಕಿಟಕಿ ಹತ್ತಿರ ಹೋಗಿ ಬೆಳಕಿಗೆ ಹಿಡಿದರು. ಜೇಬಿನಿಂದ ಕೈವಾರ ತೆಗೆದು ಅಳೆದರು, ಮತ್ತೆ ಅಳೆದರು.

ಮಂಜುಳಳ ಮುಂದೆ ಮಂಡಿಯೂರಿ ಕೂತು, ಬೀಳುವ ಮೊದಲು ಏನಾಗುತ್ತದೆ ಎಂದು ನನ್ನಿಂದ ಕೇಳಿಸಿದರು. ಹುಡುಗಿ ಯೋಚಿಸಿದಳು. "ಏನೂ ಆಗಲ್ಲ. ಸೈರನ್ ಹೊಡಿತದೆ. ಆಮೇಲೆ ಯಾರೋ ಮುಖಕ್ಕೆ ನೀರು ಚಿಮುಕಿಸ್ತಿರ್ತಾರೆ."

ಮೂರು ಸಲವೂ ಶಿಫ್ಟ್ ಬದಲಾಗುವ ಸೈರನ್ನಿಗೇ ಬಿದ್ದಿದ್ದಳು.

ಇರ್ಮಮ್ಮ ಚನ್ನೇಗೌಡರಿಗೆ ಜರ್ಮನ್ ಭಾಷೆಯಲ್ಲೇ ಏನೋ ಹೇಳಿದರು. ಆ ಸಿಟ್ಟಿನ ಮನುಷ್ಯ ಪಾಠ ಕೇಳುವ ಹುಡುಗನಂತೆ ಎದ್ದು ನಿಂತರು. ಆಮೇಲೆ ಇರ್ಮಮ್ಮ ನನಗೂ ತಿಳಿಸಿ ಹೇಳಿದರು. ಈ ಹುಡುಗಿಯ ಹೃದಯ ಬಡಿಯುವುದರಲ್ಲಿ ತೊಂದರೆಯಿಲ್ಲ, ಸುಧಾರಿಸಿಕೊಳ್ಳಲು ತಡಮಾಡುತ್ತದೆ. ಹಾಗೆ ಅದು ಇನ್ನೂ ಸುಧಾರಿಸಿಕೊಳ್ಳುತ್ತಿರುವಾಗ ದೊಡ್ಡ ಸದ್ದಿಗೆ ಬೆಚ್ಚಿದರೆ ಬಡಿತ ಹಾದಿ ತಪ್ಪುತ್ತದೆ. ತಾನೇ ದಾರಿಗೆ ಬಂದರೆ ಎಚ್ಚರವಾಗುತ್ತದೆ. ಬರದಿದ್ದರೆ ಇಲ್ಲ. ಇದು ರಕ್ತದಲ್ಲಿ ಬರುವುದು, ತಾಯಿತಂದೆಯರಿಂದ ಮಕ್ಕಳಿಗೆ. ದಿನವೂ ಮಾತ್ರೆ ತೆಗೆದುಕೊಂಡರೆ ಬಹಳ ಮಟ್ಟಿಗೆ ಕಾಪಾಡಬಹುದು.

ಒಂದು ಸಲ ಜೋರಾಗಿ ಗಂಟೆ ಬಾರಿಸಿ ನೋಡೋಣವೇ ಎಂದು ನಮ್ಮ ಕಿರಿಯ ಡಾಕ್ಟರೊಬ್ಬರು ಕೇಳಿದರು. ಇರ್ಮಮ್ಮ ಅಷ್ಟು ಕಟುವಾಗಿ ಮಾತಾಡಿದ್ದನ್ನು ನಾನು ಆ ಒಂದು ಸಲ ಮಾತ್ರ ಕೇಳಿದ್ದು. "ಬೇಡ. ಇವಳು ನನ್ನ ಮೇಜಿನ ಪ್ರಾಣಿ ಅಲ್ಲ."

ತಾಯಿ ಮಗಳು ಹೋದ ಮೇಲೆ ಅವರು ನನ್ನ ರೂಮಿಗೆ ಬಂದು ಕೂತರು. ಈ ಗೆರೆಯನ್ನು ಅವರು ಗಾಜಿನ ಕೊಳವೆಗೆ ಕಟ್ಟಿದ ಹೃದಯಗಳಲ್ಲಿ ವರ್ಷಗಟ್ಟಲೆ ನೋಡಿದ್ದರು. ಮಾತಾಡುವ, ಜಡೆಗೆ ಕನಕಾಂಬರ ಮುಡಿದ ಹೆಣ್ಣುಮಗಳಲ್ಲಿ ನೋಡಿದ್ದು ಇದೇ ಮೊದಲು. ಆ ಹುಡುಗಿ ಬೆಳಿಗ್ಗೆ ಏನು ತಿಂದಳು ಎಂದು ಕೇಳಲಿಲ್ಲವಲ್ಲ ಎಂದು ಪೇಚಾಡಿದರು. ಯಾಕೆ ಅದು ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ.

ಫ್ಯಾಕ್ಟರಿಗೆ ಚನ್ನೇಗೌಡರು, ಇರ್ಮಮ್ಮ, ನಾನು ಮೂವರೂ ಹೋದೆವು. ಮ್ಯಾನೇಜರು ಒಳ್ಳೆಯ ಮನುಷ್ಯರೇ. ಟೀ ಕೊಟ್ಟರು, ಎಲ್ಲ ಕೇಳಿಸಿಕೊಂಡರು. ಆದರೆ ಒಬ್ಬ ಹುಡುಗಿಗಾಗಿ ಸೈರನ್ ನಿಲ್ಲಿಸಲಾಗುವುದಿಲ್ಲ, ಮಿಷನ್ ಮೇಲೆ ಬಿದ್ದು ಕೈಕಾಲು ಹೋದರೆ ಯಾರು ಹೊಣೆ ಎಂದರು. ಇರ್ಮಮ್ಮ ವಾದ ಮಾಡಲಿಲ್ಲ. ಸೈರನ್ ಎಲ್ಲಿದೆ ತೋರಿಸಿ ಎಂದು ಕೇಳಿ, ಶೆಡ್ಡುಗಳ ನಡುವೆ ಓಡಾಡಿ, ಅದರ ಸದ್ದು ಎಲ್ಲಿ ಕಡಿಮೆ ಎಂದು ಕಿವಿಗೊಟ್ಟು ನೋಡಿದರು. ಹಿಂದುಗಡೆ ಪ್ಯಾಕಿಂಗ್ ಶೆಡ್ಡಿನಲ್ಲಿ ಅದು ದೂರದ ಬಸ್ಸಿನ ಹಾರನ್ನಿನಷ್ಟೇ ಕೇಳುತ್ತಿತ್ತು. ಅಲ್ಲಿ ಮಿಷನ್ನೂ ಇರಲಿಲ್ಲ. ಮಾತ್ರೆ ಶುರುವಾಗಿ ಒಂದಷ್ಟು ದಿನ ಕಳೆದ ಮೇಲೆ ಅಲ್ಲಿಗೆ ಹಾಕಬಹುದು ಎಂದು ಮ್ಯಾನೇಜರು ಒಪ್ಪಿದರು. ನಮಗೆ ಸಿಕ್ಕಿದ್ದು ಅಷ್ಟೇ. ಆ ಸೈರನ್ ಈಗಲೂ ಕೂಗುತ್ತದೆ.

ಮುಂದಿನದು ಕಷ್ಟದ ಕೆಲಸ. ಮನೆಯವರನ್ನೆಲ್ಲ ಪರೀಕ್ಷೆ ಮಾಡಬೇಕಿತ್ತು. ಕೆಂಪಮ್ಮನ ಈಸಿಜಿಯಲ್ಲೂ, ಮಗಳದರ ಹಾಗೆಯೇ, ಆ ದಿಬ್ಬ ಮುಗಿಯಲು ತಡಮಾಡಿ ಉದ್ದವಾಗಿತ್ತು. ಹಾಗಾದರೆ ಅವಳ ಅಣ್ಣ ಸಿದ್ದಪ್ಪನಿಗೂ ಇರಬಹುದು. ಅವನ ಮಗನೇ ಮದುವೆ ಗಂಡು. ಇದು ತಿಳಿದಾಗ ಇರ್ಮಮ್ಮ ಪೆನ್ನು ಕೆಳಗಿಟ್ಟರು. ಗಂಡು ಹೆಣ್ಣು ಇಬ್ಬರಿಗೂ ಇದ್ದರೆ ಹುಟ್ಟುವ ಮಗುವಿಗೆ ಎರಡು ಕಡೆಯಿಂದಲೂ ಬರಬಹುದು. ಅಂಥ ಮಗು ಬದುಕುವುದೇ ಕಷ್ಟ.

ಸಿದ್ದಪ್ಪನನ್ನು ಆಸ್ಪತ್ರೆಗೆ ಕರೆದರೆ ಬರಲಿಲ್ಲ. ಕೆಂಪಮ್ಮ ಕಾರಣ ಹೇಳಿದಳು. ಅವನಿಗೆ ಒಬ್ಬ ಮಗಳಿದ್ದಳು, ಶಿವಮ್ಮ. ಊರ ಪಕ್ಕದ ಗುಡ್ಡದಲ್ಲಿ ಕಲ್ಲು ಕ್ವಾರಿ ಶುರುವಾದ ಹೊಸತು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಹುಡುಗಿ, ಮೊದಲ ಸಿಡಿಮದ್ದು ಸಿಡಿದಾಗ ಬುಟ್ಟಿಯ ಮೇಲೆ ಒರಗಿದವಳು ಏಳಲಿಲ್ಲ. ಗುಡ್ಡ ಒಡೆದಿದ್ದಕ್ಕೆ ಗುಡ್ಡದ ದೇವರು ಮುನಿದು ಹುಡುಗಿಯನ್ನು ಕರೆದುಕೊಂಡಿತು ಎಂದು ಊರಿನವರು ನಂಬಿದರು. ಸಿದ್ದಪ್ಪನೂ ನಂಬಿದ್ದ. ಈಗ ಮಂಜುಳ ಬಿದ್ದದ್ದೂ ಅದೇ ಮುನಿಸು ಎಂದು ಹರಕೆ ಹೊತ್ತಿದ್ದ.

ಅವನು ಬರದಿದ್ದರೆ ನಾವೇ ಹೋಗೋಣ ಎಂದರು ಇರ್ಮಮ್ಮ. ಬ್ಯಾಟರಿ ಮಿಷನ್ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯ ಜೀಪಿನಲ್ಲಿ ಕೋಡಿಹಳ್ಳಿ ದಾಟಿ ಹೋದೆವು. ಸಿದ್ದಪ್ಪ ಹೊಲದ ಜೊತೆಗೆ ಕುರಿಯನ್ನೂ ಸಾಕಿದ್ದ. ಕೆಂಪಮ್ಮ ಮೊದಲೇ ಹೇಳಿಕಳಿಸಿದ್ದರಿಂದ, ದೂರದ ಅತಿಥಿಗಳೆಂದು ನಾವು ಹೋಗುವ ಹೊತ್ತಿಗೆ ಒಂದು ಮರಿ ಕುಯ್ದಿದ್ದರು. ಅವನು ಕೈತೊಳೆದು ಬಂದು ಮರ್ಯಾದೆಯಿಂದ ಚಾಪೆ ಹಾಸಿದ. ಊಟ ಮಾಡಿಕೊಂಡು ಹೋಗಿ, ವೈರು ಗೀರು ನಮಗೆ ಬೇಡ ಎಂದ. ಮಾತು ಅಲ್ಲಿಗೆ ಮುಗಿಯಿತು.

ಇರ್ಮಮ್ಮ ಆ ಮರಿಯ ಹೃದಯವನ್ನು ನೋಡಬಹುದೇ ಎಂದು ನನ್ನಿಂದ ಕೇಳಿಸಿದರು. ಸಿದ್ದಪ್ಪನಿಗೆ ಆಶ್ಚರ್ಯ. ಬಾಳೆಲೆಯ ಮೇಲೆ ಇಟ್ಟು ತಂದ. ಇನ್ನೂ ಬಿಸಿಯಿತ್ತು. ಒಂದು ಮೂಲೆಯಲ್ಲಿ ಸಣ್ಣಗೆ ಅದುರುತ್ತಿತ್ತು. ಇರ್ಮಮ್ಮ ಅದನ್ನು ಎರಡು ಬೆರಳಿನಿಂದ ಮೆಲ್ಲಗೆ ಸವರಿದರು. ಸಿದ್ದಪ್ಪ ಅದನ್ನೇ ನೋಡುತ್ತಿದ್ದ.

"ಕುಯ್ದ್ ಮ್ಯಾಲೂ ಒಸಿ ಹೊತ್ತು ಮಿಡಿತೈತೆ ಕಣವ್ವಾ" ಎಂದ.

"ನಾನು ಚಿಕ್ಕವಳಾಗಿದ್ದಾಗಿನಿಂದ ಅದನ್ನೇ ನೋಡುತ್ತಿದ್ದೇನೆ" ಎಂದರು ಇರ್ಮಮ್ಮ ಕನ್ನಡದಲ್ಲಿ.

ಅವನು ಎದುರಿಗೆ ಕೂತ. ಅವರು ತಮ್ಮ ಕೈಯನ್ನು ಮುಷ್ಟಿ ಮಾಡಿದರು, ಬಿಟ್ಟರು, ಮತ್ತೆ ಮಾಡಿದರು. ಹಿಡಿಯುವುದು ಎಲ್ಲರಿಗೂ ಕಾಣುತ್ತದೆ, ಬಿಡುವುದನ್ನು ಯಾರೂ ಗಮನಿಸುವುದಿಲ್ಲ ಎಂದರು. ನಾನು ಕನ್ನಡಕ್ಕೆ ತಿರುಗಿಸುತ್ತಾ ಹೋದೆ. ಕೆಲವರ ಹೃದಯ ಹಿಡಿದದ್ದನ್ನು ಬಿಡಲು ಸ್ವಲ್ಪ ತಡಮಾಡುತ್ತದೆ. ಆಗ ಢಮ್ಮನೆ ಸದ್ದಾದರೆ ಗಾಬರಿಬಿದ್ದು ಹೀಗೆ ಅದುರುತ್ತಲೇ ಉಳಿಯುತ್ತದೆ ಎಂದು ಬಾಳೆಲೆಯ ಮೇಲಿನದನ್ನು ತೋರಿಸಿದರು. ನೆತ್ತರು ಮುಂದೆ ಹೋಗುವುದಿಲ್ಲ.

ಎಲೆಯ ಮೇಲೆ ಅದುರುವುದು ಅಷ್ಟರಲ್ಲಿ ನಿಂತುಹೋಯಿತು. ಅಡುಗೆಮನೆಯಲ್ಲಿ ಅವನ ಹೆಂಡತಿ ಮಸಾಲೆ ರುಬ್ಬುವುದನ್ನು ನಿಲ್ಲಿಸಿದ್ದಳು.

"ಹಂಗಾರೆ ನಮ್ ಶಿವಿ ದೇವ್ರು ಮುನ್ಸಿಂದ ಹೋಗ್ಲಿಲ್ವಾ?" ಎಂದು ಸಿದ್ದಪ್ಪ ಕೇಳಿದ.

ಇಲ್ಲ ಎಂದರು ಇರ್ಮಮ್ಮ.

"ಮಾತ್ರೆ ಕೊಟ್ಟಿದ್ರೆ ಉಳಿತಿತ್ತಾ ನನ್ ಕೂಸು?"

ಈ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸುವ ಅಗತ್ಯ ಬೀಳಲಿಲ್ಲ. ಇರ್ಮಮ್ಮನಿಗೆ ಅರ್ಥವಾಗಿತ್ತು. ಉಳಿಯುತ್ತಿದ್ದಳೇನೋ ಎಂದು ಹೇಳಿದರೆ ಅವನು ಉಳಿದ ಬದುಕನ್ನೆಲ್ಲ ಅದರಲ್ಲೇ ಬೇಯುತ್ತಾನೆ. ಇಲ್ಲ ಎಂದರೆ ಅದು ಸುಳ್ಳು. ಅವರು ಸುಳ್ಳು ಹೇಳುವವರಲ್ಲ. ಅವನ ಎರಡು ಕೈಯನ್ನೂ ಹಿಡಿದುಕೊಂಡರು. ಒಂದೊಂದೇ ಕನ್ನಡದ ಮಾತನ್ನು ಹುಡುಕಿ ಹುಡುಕಿ ಹೇಳಿದರು.

"ಉಳಿಯಬಹುದಿತ್ತು. ಆದರೆ ನಿಮಗೆ ಯಾರೂ ಹೇಳಲಿಲ್ಲ. ಹೇಳಬೇಕಾದವಳು ನಾನು. ನಾನು ತಡವಾಗಿ ಬಂದೆ."

ಸಿದ್ದಪ್ಪ ತಲೆ ಬಗ್ಗಿಸಿದ. ಅವನ ಹೆಂಡತಿ ಒಳಗಿನಿಂದ ಬಂದು ಅವನ ಹಿಂದೆ ನಿಂತು ಭುಜದ ಮೇಲೆ ಕೈಯಿಟ್ಟಳು. ನಾವು ಯಾರೂ ಏಳಲಿಲ್ಲ. ಕೊಟ್ಟಿಗೆಯಲ್ಲಿ ಕುರಿಗಳು ಅರಚುತ್ತಿದ್ದವು. ಕೊನೆಗೆ ಅವನೇ ಎದ್ದು, ಅಂಗಿ ಬಿಚ್ಚಿ ಚಾಪೆಯ ಮೇಲೆ ಅಂಗಾತ ಮಲಗಿದ. "ನಂದೇ ಮೊದ್ಲು ನೋಡಿ" ಎಂದ.

ಅವನ ದಿಬ್ಬವೂ ಉದ್ದವಿತ್ತು. ನನ್ನಿಂದಲೇ ಹೋಯಿತಾ ಅವಳಿಗೆ ಎಂದು ಕೇಳಿದ. ನಿಮಗೆ ನಿಮ್ಮ ತಾಯಿಯಿಂದಲೋ ತಂದೆಯಿಂದಲೋ, ಅವರಿಗೆ ಅವರ ಹಿರಿಯರಿಂದ. ಕಣ್ಣಿನ ಬಣ್ಣ ಬಂದ ಹಾಗೆ, ಯಾರೂ ಬೇಕೆಂದು ಕೊಟ್ಟದ್ದಲ್ಲ ಎಂದು ಇರ್ಮಮ್ಮ ಹೇಳಿದರು. ಅವನು ಅದನ್ನು ಎಷ್ಟು ಒಪ್ಪಿದನೋ ಗೊತ್ತಿಲ್ಲ. ಆ ದಿನ ನಾವು ಮುದ್ದೆ, ಮರಿಯ ಸಾರು ಉಂಡು ಬಂದೆವು. ಇರ್ಮಮ್ಮನೂ ಉಂಡರು.

ಮಹದೇವ ಕನಕಪುರದಲ್ಲಿ ಟ್ರ್ಯಾಕ್ಟರ್ ರಿಪೇರಿ ಕೆಲಸ ಮಾಡುತ್ತಿದ್ದ. ಬೇರೆ ಬೇರೆ ದಿನ ಕರೆಸಿ, ಮೆಟ್ಟಿಲು ಹತ್ತಿಸಿ ಇಳಿಸಿ ಈಸಿಜಿ ತೆಗೆದೆ. ಗೆರೆ ಚೆನ್ನಾಗಿಯೇ ಇತ್ತು. ಆದರೆ ಇರ್ಮಮ್ಮನಿಗೆ ಅಷ್ಟು ಸಾಲದು. ಕೆಲವರಲ್ಲಿ ಇದು ಅಡಗಿ ಕೂತಿರುತ್ತದೆ, ಗೆರೆಯಲ್ಲಿ ಕಾಣುವುದಿಲ್ಲ ಎಂದರು. ಮನೆಯವರೆಲ್ಲರ ರಕ್ತವನ್ನು ಜರ್ಮನಿಯ ತಮ್ಮ ಹಳೆಯ ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರ ಬರಲು ತಿಂಗಳುಗಳು ಹಿಡಿದವು. ಅಷ್ಟು ದಿನ ಮಹದೇವ ಶನಿವಾರ ಶನಿವಾರ ಬಂದು ನನ್ನ ರೂಮಿನ ಬಾಗಿಲಲ್ಲಿ ನಿಲ್ಲುತ್ತಿದ್ದ. ಇನ್ನೂ ಬಂದಿಲ್ಲವೆಂದು ನಾನು ತಲೆಯಾಡಿಸುತ್ತಿದ್ದೆ. ಹೋಗುತ್ತಿದ್ದ.

ಒಂದು ಬೆಳಿಗ್ಗೆ ಫೋನು ಬಂತು. ಇರ್ಮಮ್ಮ ಫೋನಿಟ್ಟು ಕಾರಿಡಾರಿನಲ್ಲಿ ಬಹುತೇಕ ಓಡುತ್ತಾ ಬಂದರು. ಮಹದೇವನಿಗೆ ಇರಲಿಲ್ಲ.

ಆದರೂ ಮಂಜುಳಳನ್ನು ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು. ನಿನ್ನಿಂದ ನಿನ್ನ ಮಗುವಿಗೆ ಬರಬಹುದು, ಬರದೆಯೂ ಇರಬಹುದು, ಎರಡೂ ಸಮ. ಯೋಚನೆ ಮಾಡು. ಮಂಜುಳ ಯೋಚಿಸಿಯೇ ಬಂದಿದ್ದಳೋ ಏನೋ.

"ನಾನು ಗೊತ್ತಿಲ್ದೆ ಇಷ್ಟು ದಿನ ಬದುಕಿದೀನಿ. ನನ್ ಮಗು ಗೊತ್ತಿದ್ದು ಬದುಕ್ತದೆ" ಎಂದಳು.

ಮದುವೆ ಸಿದ್ದಪ್ಪನ ಮನೆಯ ಮುಂದೆಯೇ ನಡೆಯಿತು. ನಮ್ಮ ಕಡೆ ತಾಳಿ ಕಟ್ಟುವ ಗಳಿಗೆಯಲ್ಲಿ ಗಟ್ಟಿಮೇಳ ಎಂದು ಕೂಗುತ್ತಾರೆ, ಓಲಗದವರು ಇದ್ದ ಶಕ್ತಿಯೆಲ್ಲ ಹಾಕಿ ಬಾರಿಸುತ್ತಾರೆ. ಸಿದ್ದಪ್ಪ ಓಲಗವನ್ನೇ ಕರೆಸಿರಲಿಲ್ಲ. ಪಟಾಕಿ ತಂದಿದ್ದ ಹುಡುಗರನ್ನು ಊರಾಚೆಗೆ ಅಟ್ಟಿದ್ದ. ಓಲಗವಿಲ್ಲದ ಮದುವೆ ಎಂಥದ್ದು ಎಂದು ನೆಂಟರು ಗೊಣಗಿದರು. ಮುಹೂರ್ತ ಬಂದಾಗ ಅವನು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದ. ಮುದುಕಿಯರು ಮೆಲ್ಲಗೆ ಸೋಬಾನೆ ಹೇಳಲು ಶುರುಮಾಡಿದರು. ಆ ಹಾಡಿನಲ್ಲೇ ಮಹದೇವ ತಾಳಿ ಕಟ್ಟಿದ. ನಾನು ಎಷ್ಟೋ ಮದುವೆ ನೋಡಿದ್ದೇನೆ, ಅಕ್ಕಿಕಾಳು ತಲೆಯ ಮೇಲೆ ಬೀಳುವ ಸದ್ದು ಕೇಳಿಸಿದ್ದು ಅದೊಂದರಲ್ಲೇ. ಇರ್ಮಮ್ಮ ಹೆಂಗಸರ ಸಾಲಿನಲ್ಲಿ ನಿಂತು ಅಳುತ್ತಿದ್ದರು, ಒರೆಸಿಕೊಳ್ಳುತ್ತಲೂ ಇರಲಿಲ್ಲ.

ಅದಾಗಿ ಕೆಲವು ವರ್ಷಕ್ಕೆ ಅವರಿಗೆ ಮಂಡಿನೋವು ಜಾಸ್ತಿಯಾಯಿತು, ಉಸಿರಾಡುವುದೂ ಕಷ್ಟವಾಯಿತು. ತಮ್ಮ ಊರಿಗೆ ಹೊರಟರು. ಹೋಗುವ ಮುನ್ನ ಮಂಜುಳಳ ಹೆಣ್ಣು ಹಸುಗೂಸಿನ ಈಸಿಜಿಯನ್ನು ನಾವಿಬ್ಬರೂ ಸೇರಿ ತೆಗೆದೆವು. ಮಗುವಿಗೆ ಬಂದಿತ್ತು. ಅಂದಿನಿಂದಲೇ ಔಷಧಿ ಶುರುವಾಯಿತು. ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ.

ಇರ್ಮಮ್ಮ ತಮ್ಮ ಊರಿನಲ್ಲಿ ತೀರಿಕೊಂಡ ಸುದ್ದಿಯನ್ನು ಚನ್ನೇಗೌಡರು ನನಗೆ ಹೇಳಿದರು. ಹೇಳಿ, ಬಾಗಿಲು ಹಾಕಿಕೊಂಡು ತಮ್ಮ ರೂಮಿನಲ್ಲಿ ಕೂತರು. ಆ ದಿನ ಯಾರನ್ನೂ ಬಯ್ಯಲಿಲ್ಲ. ಸಿದ್ದಪ್ಪನಿಗೆ ನಾನೇ ಹೇಳಿಕಳಿಸಿದೆ.

ಆ ವರ್ಷ ಮಾರ್ನವಮಿಯ ಹಿರಿಯರ ಹಬ್ಬಕ್ಕೆ ಅವನು ನನ್ನನ್ನು ಕರೆದ. ನಮ್ಮ ಕಡೆ ತೀರಿಹೋದ ಹಿರಿಯರಿಗೆ ಅವರವರಿಗೆ ಇಷ್ಟವಾದದ್ದನ್ನು ಮಾಡಿ, ಹೊಸ ಬಟ್ಟೆಯಿಟ್ಟು, ಎಲೆ ಹಾಕಿ ಎಡೆ ಬಡಿಸುತ್ತೇವೆ. ನಡುಮನೆಯಲ್ಲಿ ಸಾಲಾಗಿ ಎಲೆ ಹಾಕಿದ್ದರು. ಅವನ ಅಪ್ಪನಿಗೆ ಒಂದು, ಅವ್ವನಿಗೆ ಒಂದು, ಶಿವಮ್ಮನಿಗೆ ಒಂದು. ಶಿವಮ್ಮನ ಪಕ್ಕದಲ್ಲಿ ಇನ್ನೊಂದು ಎಲೆ ಖಾಲಿಯಿತ್ತು. ಆ ಅಮ್ಮನಿಗೆ ಏನಿಷ್ಟ ಎಂದು ನನ್ನನ್ನು ಕೇಳಿದ. ಬೇಯಿಸಿದ ಕಡಲೆಕಾಯಿ, ಸಕ್ಕರೆಯಿಲ್ಲದ ಕಾಫಿ ಎಂದೆ. ಮಂಜುಳ ಹೋಗಿ ಕಾಫಿ ಮಾಡಿ ತಂದಳು.

ಎಲೆಯ ಮುಂದೆ ಒಂದು ನೂಲಿನ ಸೀರೆ ಮಡಿಸಿ ಇಟ್ಟಿದ್ದ. ಇರ್ಮಮ್ಮ ಒಂದು ದಿನವೂ ಸೀರೆ ಉಟ್ಟವರಲ್ಲ ಎಂದು ನಾನು ಹೇಳಿದೆ.

"ಇರ್ಲಿ ಬುಡವ್ವಾ. ಉಟ್ಕೊಳ್ದಿದ್ರೆ ಹೊದ್ಕೊತಾಳೆ" ಎಂದ.

ಧೂಪ ಹಾಕಿ, ಅವನು ಹಿರಿಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಊಟಕ್ಕೆ ಕರೆದ. ಅಪ್ಪನನ್ನು ಕರೆದ, ಅವ್ವನನ್ನು ಕರೆದ. ಮಗಳನ್ನು ಕರೆದ. ನಾಲ್ಕನೆಯ ಎಲೆಯ ಮುಂದೆ ಬಗ್ಗಿ ಲೋಟವನ್ನು ಸ್ವಲ್ಪ ಹತ್ತಿರಕ್ಕೆ ಸರಿಸಿದ.

"ಇರ್ಮವ್ವಾ, ದೂರದಿಂದ ಬಂದಿದೀಯ. ಕೂತ್ಕೊಂಡು ಉಣ್ಣವ್ವಾ."

ನಾವೆಲ್ಲ ಹೊರಗೆ ಬಂದು, ಪದ್ಧತಿಯಂತೆ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದಕ್ಕೆ ಎಳೆದುಕೊಂಡೆವು.